ಸುಣ್ಣದ ಮನೆಯ ಫೋಟೋ

ಎಕ್ಸ್‌ಪೋಷರ್ ಎಂಬ ಮಹಾವಿದ್ಯೆ ದೇವನಹಳ್ಳಿ ಸೀಮೆಯಲ್ಲಿ ಯಾರಿಗಾದರೂ ಒಲಿದಿದ್ದರೆ ಅದು ತನಗೊಬ್ಬನಿಗೇ ಎಂದು ರಾಮಾಂಜಿನಪ್ಪ ನಂಬಿದ್ದ. ಗುಜರಿ ಅಂಗಡಿಯಲ್ಲಿ ಕೊಂಡ ಹಳೇ ರೀಲ್ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು, "ಬೆಳಕನ್ನ ಅಳೆದು ಒಳಗೆ ಬಿಡ್ಬೇಕು, ಅಷ್ಟೇ ಕಣೇ!" ಎಂದು ಹೆಂಡತಿ ಮುನಿಲಕ್ಷ್ಮಮ್ಮನಿಗೆ ದಿನಾ ಪಾಠ.

"ಅನ್ನಕ್ಕೆ ನೀರು ಅಳೆಯೋಕೆ ಬರಲ್ಲ, ಬೆಳಕು ಅಳೀತಾರಂತೆ!" ಎಂದು ಆಕೆ ಒಗ್ಗರಣೆ ಹಾಕುತ್ತಿದ್ದಳು.

ಆಗ ವಿಮಾನ ನಿಲ್ದಾಣಕ್ಕೆಂದು ಅವರ ಊರಿನ ಜಮೀನಿನ ಜೊತೆ ಮನೆಯೂ ಹೋಗಿತ್ತು. ಬೂದಿಗೆರೆಯ ಕಡೆ ಹೊಸ ಮನೆ ಸಿದ್ಧವಾಗಿತ್ತು. ರಾಮಾಂಜಿನಪ್ಪನ ತಾಯಿ ಪಾಪಕ್ಕ ಕೇಳಿದ್ದು ಒಂದೇ.

"ನಾನು ಮದುವೆಯಾಗಿ ಬಂದ ಮನೆ ಕಣಪ್ಪಾ. ಒಡೆಯೋದ್ರೊಳಗೆ ಅದರ ಮುಂದೆ ನಮ್ದೊಂದು ಫೋಟೋ ಹಿಡಿ. ನೋಡ್ಕೊಂಡಾದ್ರೂ ಇರ್ತೀನಿ."

ಫೋಟೋ ಎಂದಕೂಡಲೇ ಮುನಿಲಕ್ಷ್ಮಮ್ಮ ಇಡೀ ಮನೆಗೆ ಸುಣ್ಣ ಹೊಡೆಸಿದಳು!

"ಒಡೆಯೋ ಮನೆಗೆ ಸುಣ್ಣ ಯಾಕೇ?"

"ನಾಳೆ ನೆಂಟರು ಫೋಟೋ ನೋಡಿ, ಕೊಳಕು ಮನೇಲಿದ್ರು ಅನ್ಬೇಕಾ?"

ಮಟಮಟ ಮಧ್ಯಾಹ್ನ. ಬಿಸಿಲಿಗೆ ಸುಣ್ಣದ ಗೋಡೆ ಕಣ್ಣು ಕುಕ್ಕುತ್ತಿತ್ತು. ತಾಯಿ, ಹೆಂಡತಿ, ಮಗಳು ಸಿಂಚನ ಮೂವರನ್ನೂ ಅಂಗಳದ ಹುಣಸೆಮರದ ನೆರಳಲ್ಲಿ ನಿಲ್ಲಿಸಿ, ಕ್ಯಾಮೆರಾದೊಳಗಿನ ಬೆಳಕಿನ ಮೀಟರಿನ ಮುಳ್ಳು ನೋಡುತ್ತ ಲೆನ್ಸ್ ತಿರುಗಿಸಿದ. ಹಿಂದಿನ ಗೋಡೆಗೂ ಮುಂದಿನ ಮುಖಗಳಿಗೂ ನ್ಯಾಯವಾದ ಒಂದು ಲೆಕ್ಕ ಸಿಕ್ಕಿತು. ಅಲ್ಲಿಗೇ ಬಟನ್ ಒತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ರೀ, ನೆರಳಲ್ಲಿದೀವಿ. ನನ್ನ ತಂಗಿ ಮದುವೇಲಿ ನನ್ನ ಮುಖ ಕರ್ರಗೆ ಬಂದಿತ್ತು. ಸ್ವಲ್ಪ ಬೆಳಕು ಜಾಸ್ತಿ ಬಿಡಿ."

ಬಿಟ್ಟ.

"ಅಪ್ಪಾ, ನಂಗೂ! ಫ್ರೆಂಡ್ಸ್‌ಗೆಲ್ಲ ತೋರಿಸ್ಬೇಕು," ಎಂದಳು ಸಿಂಚನ.

ಇನ್ನಷ್ಟು ಬಿಟ್ಟ.

ಪಾಪಕ್ಕ ಸೆರಗು ಸರಿಮಾಡಿಕೊಂಡು, ನಾಚುತ್ತ, "ನಂಗೂ ಒಸಿ ಬುಡಪ್ಪಾ," ಎಂದಳು.

ಹೆತ್ತ ತಾಯಿ ಕೇಳಿದರೆ ಇಲ್ಲವೆನ್ನುವುದುಂಟೆ! ಲೆನ್ಸನ್ನು ಪೂರ್ತಿ ತೆರೆದ, ಷಟರ್ ವೇಗವನ್ನೂ ಇಳಿಸಿದ, ಮಹಾರಾಜರ ಧಾಟಿಯಲ್ಲಿ ಬೆಳಕು ದಾನ ಮಾಡಿದ. ರೀಲಿನಲ್ಲಿ ಉಳಿದದ್ದನ್ನೂ ಅದೇ ಲೆಕ್ಕದಲ್ಲಿ ಹೊಡೆದು ಮುಗಿಸಿದ.

ರೀಲು ತೊಳೆದು ಬರುವಷ್ಟರಲ್ಲಿ ಬುಲ್ಡೋಜರ್ ಮನೆಯನ್ನು ನೆಲಸಮ ಮಾಡಿತ್ತು.

ಹೊಸ ಮನೆಯಲ್ಲಿ ಕೂತು ಲಕೋಟೆ ಬಿಚ್ಚಿದರು. ಮುಖಗಳೋ, ಅಬ್ಬಾ, ಬೆಣ್ಣೆಯಲ್ಲಿ ತಿದ್ದಿದ ಹಾಗಿದ್ದವು! ಹಿಂದೆ ಮಾತ್ರ ಬಿಳಿ. ಬರೀ ಬಿಳಿ. ಗೋಡೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯದು. ಬಾಗಿಲಿದ್ದ ಕಡೆ ಒಂದು ಮಸುಕು ಕಲೆಯಿತ್ತು. ಇನ್ನೊಂದು ಪ್ರಿಂಟು ಹಾಕಿಸೋಣವೆಂದರೆ, "ನೆಗೆಟಿವ್‌ನಲ್ಲೇ ಮನೆ ಉಳಿದಿಲ್ಲ ಸಾರ್," ಎಂದು ಲ್ಯಾಬಿನವನು ಮೊದಲೇ ಕೈಚೆಲ್ಲಿಬಿಟ್ಟಿದ್ದ.

ಮುನಿಲಕ್ಷ್ಮಮ್ಮ ಏನಾದರೂ ಚುಚ್ಚಬಹುದೆಂದು ರಾಮಾಂಜಿನಪ್ಪ ಕಾದ. ಆಕೆ ಚುಚ್ಚಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಎಲ್ಲರೂ ತಂತಮ್ಮ ಮುಖಕ್ಕೆ ಬೆಳಕು ಕೇಳಿದ್ದರು. ಮನೆಯ ಪರವಾಗಿ ಮಾತಾಡಬೇಕಾಗಿದ್ದವನು ಕ್ಯಾಮೆರಾ ಹಿಡಿದಿದ್ದ ತಾನೇ. ಆಡಲಿಲ್ಲ.

ಪಾಪಕ್ಕ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಮುಖ ಅರಳಿತು.

"ಎಷ್ಟು ಬೆಳ್ಳಗೆ ಬಂದಿದೀನಲ್ಲಪ್ಪಾ! ಯಾವ ಸ್ಟುಡಿಯೋದಾಗೆ ತೆಗೆಸಿದ್ದು ಇದು?"

ರಾಮಾಂಜಿನಪ್ಪ ಬಾಯಿ ತೆರೆಯುವ ಮೊದಲೇ ಆಕೆ ಅದನ್ನು ಪಕ್ಕಕ್ಕಿಟ್ಟು, ಅವನತ್ತ ಕೈಚಾಚಿದಳು.

"ಇದಿರ್ಲಿ. ನಮ್ಮನೇದು ಕೊಡು, ನೋಡಾನ."