ಖಾಲಿ ಟ್ರೇಯ ಸುಖಸಂಸಾರ

"ಇವತ್ತಿಂದ ದೊರೆಯ ಮರಳಿನ ಟ್ರೇ ನನ್ನ ಜವಾಬ್ದಾರಿ! ನೀನು ಆ ಕಡೆ ತಿರುಗಿಯೂ ನೋಡ್ಬೇಡ!"

ಹೀಗೆಂದು ಎದೆ ತಟ್ಟಿಕೊಂಡು ಘೋಷಿಸಿದವರು ಪಿಂಗಾಣಿ ಕಾರ್ಖಾನೆಯ ಇನ್ಸ್‌ಪೆಕ್ಟರ್ ಸಾಹೇಬರು. 'ಸಾಹೇಬರು' ಎಂಬುದು ಹೆಂಡತಿ ದಯಪಾಲಿಸಿದ ಬಿರುದು. ಕಾರ್ಖಾನೆಯಲ್ಲಿ ಅವರ ಕೆಲಸ ಲೈನಿನ ಕೊನೆಯಲ್ಲಿ ನಿಂತು ರಿಜೆಕ್ಟ್ ಟ್ರೇ ನೋಡುವುದು. ಅದರಲ್ಲಿ ಬಿರುಕುಬಿಟ್ಟ ಕಪ್ ಬಿದ್ದಿದ್ದರೆ ಕೂಗಾಡುವುದು. ಖಾಲಿ ಇದ್ದರೆ ಎಲ್ಲವೂ ಸುಸೂತ್ರ ಎಂದು ಸಹಿ ಜಡಿದು ಚಹಾಕ್ಕೆ ಹೋಗುವುದು. ಖಾಲಿ ಟ್ರೇ ಕಂಡರೆ ಅವರಿಗೆ ಸ್ವರ್ಗ ಕಂಡಷ್ಟು ಖುಷಿ.

ದೊರೆ ಅವರ ಮನೆಯ ಬೆಕ್ಕು. ಬಸ್ ಓಡಿಸುವ ಹೆಂಡತಿ, ಡಿಪೋದಲ್ಲಿ ಎಂಜಿನ್ ಸಂದಿಯಿಂದ ಅಂಗೈಯಷ್ಟಿದ್ದ ಮರಿಯನ್ನು ಎಳೆದು ತೆಗೆದು, ಯೂನಿಫಾರಂ ಜೇಬಿನಲ್ಲಿಟ್ಟುಕೊಂಡು ಬಂದಿದ್ದಳು. ಅಂದಿನಿಂದ ಅವಳಿಗೆ ದೊರೆಯೆಂದರೆ ಪ್ರಾಣ. ಆದರೆ ಮೊನ್ನೆ ಅವಳ ಸಹನೆಯ ಕಟ್ಟೆಯೊಡೆದಿತ್ತು. "ಇಡೀ ದಿನ ಬಸ್ ಓಡ್ಸಿ ಬಂದು ಅವನ ಕಕ್ಕ ನಾನೇ ಬಾಚ್ಬೇಕು. ನೀವು ಪೇಪರ್ ಓದ್ತಾ ಕಾಲೆತ್ತಿ ಜಾಗ ಬಿಡ್ತೀರಿ, ಅಷ್ಟೇ!" ಅದಕ್ಕೇ ಈ ಭೀಷಣ ಪ್ರತಿಜ್ಞೆ!

ಸಾಹೇಬರು ಕೆಲಸವನ್ನು ಶಾಸ್ತ್ರೋಕ್ತವಾಗಿಯೇ ಆರಂಭಿಸಿದರು. ಬಚ್ಚಲಿನ ಗೋಡೆಗೆ ಸಾಲಾಗಿ ಊಟದ ಬಟ್ಟಲು, ನೀರಿನ ಬಟ್ಟಲು, ಮರಳಿನ ಟ್ರೇ. "ಕಚ್ಚಾಮಾಲು ಈ ಕಡೆಯಿಂದ, ಸಿದ್ಧಮಾಲು ಆ ಕಡೆಯಿಂದ! ನಮ್ಮ ಕಾರ್ಖಾನೆ ನೋಡಿದ್ದೀಯಲ್ಲ?" ದೊರೆ ನೀರಿನ ಬಟ್ಟಲನ್ನು ಮೂಸಿ, ಪಕ್ಕದ ಟ್ರೇಯನ್ನೂ ಮೂಸಿ, ಮೀಸೆ ತಿರುಗಿಸಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಸಾಹೇಬರು ಮೂಗಿಗೆ ಟವೆಲ್ ಬಿಗಿದು ಟ್ರೇಗೆ ಜಾಲರಿ ಚಮಚ ಹಾಕಿದರು. ಮೂತ್ರಕ್ಕೆ ಮರಳು ಕಟ್ಟಿದ ಒದ್ದೆ ಉಂಡೆ ಸಿಕ್ಕಿತು. ಬಾಕಿ ಏನೂ ಇಲ್ಲ! ಅದರ ಮರುದಿನವೂ ಇಲ್ಲ. ಆಹಾ, ಮುಂಜಾನೆ ಡ್ಯೂಟಿಗೆ ಹೋಗುವ ಮೊದಲೇ ಹೆಂಡತಿ ಗಲೀಜೆಲ್ಲ ತೆಗೆದು, ಗಂಡನಿಗೆ ಬರೀ ಉಂಡೆ ಉಳಿಸುತ್ತಿದ್ದಾಳೆ! ಜಗಳವಾಡಿದರೂ ಎಂಥ ಮನಸ್ಸು! ಸಾಹೇಬರು ಬಾಯಿಬಿಟ್ಟು ಹೇಳಿದರೆ ಅವಳಿಗೆ ಸಂಕೋಚವೆಂದು ಸುಮ್ಮನಿದ್ದು, ಸಂಜೆ ಕಾಫಿ ಮಾಡಿಕೊಟ್ಟರು, ಪಾತ್ರೆ ತೊಳೆದರು, ಅವಳ ಕಾಲೂ ಒತ್ತಿದರು.

ಹೆಂಡತಿಗೋ ನಂಬಲಾಗಲಿಲ್ಲ. ಟ್ರೇ ಫಳಫಳ, ಮೇಲೆ ಕಾಫಿ ಬೇರೆ! "ನಮ್ಮವ್ರು ಬದಲಾಗ್ಬಿಟ್ರು ಕಣ್ರೇ" ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದಳು. ಮದುವೆಯಾದ ಹೊಸದರಲ್ಲೂ ಇಷ್ಟು ಅನ್ಯೋನ್ಯತೆ ಇರಲಿಲ್ಲ.

ರಜೆಯ ಬೆಳಿಗ್ಗೆ ಬಚ್ಚಲ ಕಡೆಯಿಂದ ಕರ್ಕಶವಾದ ಕೂಗು ಬಂತು. ಇಬ್ಬರೂ ಓಡಿದರು. ದೊರೆ ಟ್ರೇಯಲ್ಲಿ ಬೆನ್ನು ಬಿಲ್ಲಾಗಿಸಿ ತಿಣುಕುತ್ತಿದ್ದ. ಏನೂ ಬರಲಿಲ್ಲ. ಇಳಿದು, ಸುತ್ತು ಹಾಕಿ, ಮತ್ತೆ ಹತ್ತಿ ತಿಣುಕಿದ. ಬಟ್ಟಲಿನ ಊಟ ಹಾಗೇ ಇತ್ತು. ಹೆಂಡತಿ ಅವನ ಹೊಟ್ಟೆ ಮುಟ್ಟಿದರೆ ಗುರ್ರೆಂದು, ನೊರೆ ವಾಂತಿ ಮಾಡಿ, ಮಂಚದ ಕೆಳಗೆ ಸೇರಿಕೊಂಡ.

"ರೀ, ನಿನ್ನೆ ಇವನ ಕಕ್ಕ ಹೇಗಿತ್ತು? ಗಟ್ಟಿ ಇತ್ತಾ?"

"ನೀನೇ ಹೇಳ್ಬೇಕು. ಎತ್ತಿದ್ದು ನೀನಲ್ವಾ?"

"ನಾನಾ? ಆ ಕಡೆ ತಿರುಗಿಯೂ ನೋಡ್ಬೇಡ ಅಂದವ್ರು ಯಾರು?"

"ಮತ್ತೆ... ಇಷ್ಟು ದಿನ ಎತ್ತಿದ್ದು ಯಾರು?"

ಇಬ್ಬರೂ ಮೆಲ್ಲಗೆ ಮಂಚದ ಕೆಳಗೆ ನೋಡಿದರು. ಯಾರೂ ಎತ್ತಿರಲಿಲ್ಲ. ಎತ್ತಲು ಏನಾದರೂ ಇದ್ದರಲ್ಲವೇ!

ಸಾಹೇಬರು ಗಾಬರಿಯಲ್ಲಿ ಅಡುಗೆಮನೆಗೆ ನುಗ್ಗಿ ಹರಳೆಣ್ಣೆ ಬಾಟಲಿ ಹಿಡಿದು ಬಂದರು. ಹೆಂಡತಿ ಕಿತ್ತುಕೊಂಡಳು. "ಮನುಷ್ಯರ ಔಷಧಿ ಕುಡಿಸಿ ಸಾಯಿಸ್ತೀರಾ? ಬುಟ್ಟಿ ತನ್ನಿ!"

ಅವಳು ಕಾರನ್ನು ಬಸ್ಸಿನ ಹಾಗೆಯೇ ಓಡಿಸಿದಳು. ಹಿಂದಿನ ಸೀಟಿನಲ್ಲಿ ಸಾಹೇಬರು ಬುಟ್ಟಿ ಅಪ್ಪಿಕೊಂಡು ಅತ್ತಿಂದಿತ್ತ ಉರುಳಿದರು. ಬುಟ್ಟಿಯೊಳಗೆ ಸದ್ದೇ ಇಲ್ಲ. "ಉಸಿರಾಡ್ತಾ ಇದಾನಾ?" ಎಂದು ಅವಳು ಪ್ರತಿ ಸಿಗ್ನಲ್‌ನಲ್ಲೂ ಕೇಳುತ್ತಿದ್ದಳು. ಕನ್ನಡಿಯಲ್ಲಿ ಅವಳ ಕಣ್ಣು ತುಂಬಿದ್ದು ಕಾಣುತ್ತಿತ್ತು. ಇವನಿಗೇನಾದರೂ ಆದರೆ ಅವಳಿಗೆ ಯಾವ ಮುಖ ತೋರಿಸಲಿ ಎಂದು ಸಾಹೇಬರು ಒಳಗೊಳಗೇ ಒದ್ದಾಡಿದರು. ಮನೆಯಲ್ಲಿ ಜೀವವೊಂದು ಒದ್ದಾಡುತ್ತಿದ್ದಾಗ ತಾನು ಖಾಲಿ ಟ್ರೇ ನೋಡಿ ಹಾಡು ಗುನುಗುತ್ತಿದ್ದೆನಲ್ಲ!

ಪಶು ಆಸ್ಪತ್ರೆಯ ಡಾಕ್ಟರಮ್ಮ ದೊರೆಯ ಹೊಟ್ಟೆ ಒತ್ತಿ ನೋಡಿದರು.

"ಮೂತ್ರ ಹೋಗ್ತಾ ಇದೆಯಾ? ಗಂಡು ಬೆಕ್ಕು ತಿಣುಕಿದ್ರೆ ನಾನು ಮೊದಲು ಕೇಳೋದು ಅದನ್ನೇ. ಅದು ಕಟ್ಟಿದ್ರೆ ಪ್ರಾಣಕ್ಕೇ ಕುತ್ತು."

"ಹೋಗ್ತಿದೆ ಡಾಕ್ಟ್ರೇ! ಇವತ್ತು ಬೆಳಿಗ್ಗೆ ಕೂಡ ಒದ್ದೆ ಉಂಡೆ ನಾನೇ, ಈ ಕೈಯಾರೆ ಎತ್ತಿದೀನಿ!" ಸಾಹೇಬರ ಪಾಲಿಗೆ ಉಳಿದಿದ್ದ ಒಂದೇ ಮಾನ ಅದು.

"ಸದ್ಯ. ಹಾಗಾದ್ರೆ ಇದು ಮಲಬದ್ಧತೆ. ಒಳಗೆ ಕಲ್ಲಾಗಿದೆ. ಒಂದೆರಡು ದಿನ ಹೋಗದಿದ್ದಾಗಲೇ ಕರ್ಕೊಂಡು ಬರ್ಬೇಕಿತ್ತು. ನೀರು ಕುಡೀತಾನಾ? ಬಟ್ಟಲು ಎಲ್ಲಿಟ್ಟಿದೀರಿ?"

"ಟ್ರೇ ಪಕ್ಕದಲ್ಲೇ. ಒಂದೇ ಲೈನು."

ಡಾಕ್ಟರಮ್ಮ ಕನ್ನಡಕ ಇಳಿಸಿದರು. "ನೀವು ಕಕ್ಕಸಲ್ಲಿ ಕೂತ್ಕೊಂಡು ಕಾಫಿ ಕುಡೀತೀರಾ?"

ಹೆಂಡತಿ ಒಂದು ನೋಟ ನೋಡಿದಳು. ಅದನ್ನು ಬರೆಯಲು ಭಾಷೆ ಸಾಲದು.

ದೊರೆಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ಹೊರಗಿನ ಬೆಂಚಿನ ಮೇಲೆ ಗಂಡಹೆಂಡಿರ ನಡುವೆ ಖಾಲಿ ಬುಟ್ಟಿ. ಸಾಹೇಬರು ಜೀವನದಲ್ಲಿ ಮೊದಲ ಬಾರಿ ಖಾಲಿಯನ್ನು ಕಂಡು ಹೆದರಿದರು. ಎಷ್ಟೋ ಹೊತ್ತಿನ ಮೇಲೆ ಡಾಕ್ಟರಮ್ಮ ಬಂದು, ಕಟ್ಟಿದ್ದರಲ್ಲಿ ಬಹುಪಾಲು ತೆಗೆದಿದ್ದೇವೆ, ನೀರಿಳಿದ ಮೈಗೆ ಡ್ರಿಪ್ ಕೊಟ್ಟಿದ್ದೇವೆ ಎಂದರು. "ಈ ಸಿರಪ್ಪು, ನೀರು ಬೆರೆಸಿದ ಮೆತ್ತನೆ ಊಟ. ನಾಳೆಯೊಳಗೆ ಅವನಾಗೇ ಹೋದ್ರೆ ಗೆದ್ದ ಹಾಗೆ. ಇಲ್ಲಾಂದ್ರೆ ವಾಪಸ್ ಬನ್ನಿ. ಟ್ರೇ ಅಂದ್ರೆ ನೋವು ಅಂತ ಅವನ ತಲೇಲಿ ಕೂತಿರುತ್ತೆ. ಎಲ್ಲಿ ಹೋದ್ರೂ ಬೈಬೇಡಿ."

ಆ ಸಂಜೆ ಟಿವಿ ಪಕ್ಕ, ಕಿಟಕಿ ಹತ್ತಿರ, ಮೆಟ್ಟಿಲ ಬುಡ, ಎಲ್ಲೆಲ್ಲೂ ನೀರಿನ ಬಟ್ಟಲು! ಒಂದರಲ್ಲಿ ಕಾಲಿಟ್ಟ ಸಾಹೇಬರು ತಾವೇ ನೆಲ ಒರೆಸಿ, ಮತ್ತೆ ನೀರು ತುಂಬಿಸಿದರು. ಮಾರನೇ ದಿನ ಬೆಳಿಗ್ಗೆಯೂ ಟ್ರೇ ಖಾಲಿ. ಮಧ್ಯಾಹ್ನದ ಪಾಳಿಗೆ ಹೊರಡಬೇಕಿದ್ದ ಸಾಹೇಬರು ಊಟವನ್ನೂ ಬಿಟ್ಟು ಟ್ರೇ ಎದುರು ಕುಕ್ಕರುಗಾಲಲ್ಲಿ ಕೂತು ಗೋಗರೆದರು. "ಹೋಗಪ್ಪಾ, ನಿನ್ನ ದಮ್ಮಯ್ಯ. ಒಂದೇ ಒಂದು ಸಾಕು!"

ಅಷ್ಟರಲ್ಲಿ ಹಿಂದಿನಿಂದ ಸಣ್ಣಗೆ ಪರಪರ ಸದ್ದು. ತಿರುಗಿದರು. ಕುರ್ಚಿಯಿಂದ ಜಾರಿ ಬಿದ್ದಿದ್ದ ಕಾರ್ಖಾನೆಗೆ ಹಾಕಿಕೊಂಡು ಹೋಗುವ ಅವರ ಇಸ್ತ್ರಿ ಮಾಡಿದ ಬಿಳಿ ಕೋಟು. ಅದರ ಮೇಲೆ ದೊರೆ, ಕಣ್ಣು ಅರೆಮುಚ್ಚಿ, ಬಾಲವೆತ್ತಿ. ಕೆಲಸ ಮುಗಿಸಿ, ಕೋಟಿನ ತೋಳನ್ನು ಅದರ ಮೇಲೆ ಎಳೆದು ಮುಚ್ಚಿ, ನೇರವಾಗಿ ಊಟದ ಬಟ್ಟಲಿಗೆ ನಡೆದ.

"ಬಾರೇ! ಹೋದ ಕಣೇ! ಹೋಗೇಬಿಟ್ಟ!" ಸಾಹೇಬರು ಕೂಗಿದರು.

ರಜೆ ಹಾಕಿ ಮನೆಯಲ್ಲೇ ಉಳಿದಿದ್ದ ಹೆಂಡತಿ ಓಡಿಬಂದಳು. ಕಣ್ಣೊರೆಸಿಕೊಂಡು ದೊರೆಯನ್ನು ನೋಡಿದಳು, ಕೋಟು ನೋಡಿದಳು, ಗಂಡನನ್ನು ನೋಡಿದಳು.

"ಏನ್ ಸಾಹೇಬ್ರೇ, ಪಾಸಾ, ರಿಜೆಕ್ಟಾ?"

"ಪಾಸು! ಫಸ್ಟ್ ಕ್ಲಾಸಲ್ಲಿ ಪಾಸು!"

"ಹಾಗಾದ್ರೆ ಎತ್ತಿ" ಎಂದು ಜಾಲರಿ ಚಮಚ ಕೈಗಿಟ್ಟಳು. "ನಾನು ಎತ್ತಿರ್ತೀನಿ ಅಂದ್ಕೊಂಡು ಕೋಟು ಹಾಗೇ ಹಾಕ್ಕೊಂಡು ಹೋಗ್ಬಿಟ್ಟೀರಾ!"