ಹಳದಿ ದೀಪ ಆರಿಸಿದ್ದು

ಪಿಟ್ಸ್‌ಬರ್ಗಿನ ವೆಂಡಲ್‌ನ ಹಳೇ ಕಾರಿನಲ್ಲಿ, ಇಂಜಿನ್ನಿಗೆ ಏನೋ ಆಗಿದೆ ಎಂದು ಹೇಳುವ ಪುಟ್ಟ ಹಳದಿ ದೀಪವೊಂದು ಹೊತ್ತಿಕೊಂಡಿತು. ಅದಕ್ಕೆ ಬೇರೆ ದಿನವೇ ಸಿಗಲಿಲ್ಲ. ಕಾರು ರಸ್ತೆಗಿಳಿಯಲು ಬೇಕಾದ, ಗಾಜಿಗೆ ಅಂಟಿಸಿದ ವಾರ್ಷಿಕ ತಪಾಸಣೆ ಚೀಟಿಯ ಅವಧಿ ಮುಗಿಯುವುದು ಅಂದೇ. ಟ್ರೌಟ್ ಮೀನು ಹಿಡಿಯುವ ಹಂಗಾಮು ಶುರುವಾಗುವುದು ಮರುದಿನ. ಚಳಿಗಾಲವೆಲ್ಲ ಆ ಒಂದು ಬೆಳಗನ್ನೇ ಕನಸಿದವನು ಅವನು. ಚೀಟಿ ಇಲ್ಲದೆ ಹೊಳೆಗೆ ಹೋಗುವಂತಿಲ್ಲ, ದೀಪ ಉರಿಯುತ್ತಿದ್ದರೆ ಚೀಟಿ ಸಿಗುವಂತಿಲ್ಲ.

ಎತ್ತಿದ ಬಾನೆಟ್ ಕಂಡರೆ ಆ ಬೀದಿಯವರಿಗೆ ಮದುವೆಯೂಟದ ವಾಸನೆ ಬಂದಂತೆ. ಪಕ್ಕದ ಮನೆಯ ಗಸ್ ಬಾಯಲ್ಲಿ ಸಿಗಾರು, ಕೈಯಲ್ಲಿ ಕಾರಿನ ರೋಗ ಓದಿ ಹೇಳುವ ಪುಟ್ಟ ಯಂತ್ರ ಹಿಡಿದು ಬಂದ. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಎದುರು ಮನೆಯ ಡೆಲ್ಫಿನ್ ಕಾಫಿ ಲೋಟದೊಂದಿಗೆ ಬಂದಳು.

ಗಸ್ ಯಂತ್ರವನ್ನು ಸ್ಟೀರಿಂಗ್ ಕೆಳಗೆ ಚುಚ್ಚಿ ಕಣ್ಣು ಕಿರಿದು ಮಾಡಿದ. "ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ ಅಂತಿದೆ ಕಣಯ್ಯ."

"ಥೇಟ್ ನಿನ್ನ ಹಂಗೇ ಅನ್ನು," ಎಂದಳು ಡೆಲ್ಫಿನ್.

ಅವಳ ಪ್ರಕಾರ ಎಲ್ಲ ಕಾರುಗಳ ಎಲ್ಲ ರೋಗಕ್ಕೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿರುವುದೇ ಮೂಲ. ಮಣಿಕಟ್ಟು ನೋಯುವಷ್ಟು ಬಿಗಿದಳು. ದೀಪ ಕಣ್ಣು ಮಿಟುಕಿಸಲಿಲ್ಲ. ಗಾಳಿ ಅಳೆಯುವ ಸೆನ್ಸರನ್ನು ಬಿಚ್ಚಿ ತೊಳೆ ಎಂದ ಗಸ್. ತೊಳೆಯುವಾಗ ತಿರುಪೊಂದು ಇಂಜಿನ್ನಿನ ಹೊಟ್ಟೆಯೊಳಗೆಲ್ಲೋ ಬಿತ್ತು. ವೆಂಡಲ್ ಗಾಳದ ದಾರದ ತುದಿಗೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟು, ಬೆನ್ನು ಬಾಗಿಸಿಕೊಂಡು ಮಧ್ಯಾಹ್ನದವರೆಗೆ ಕಾದ. ಕೊನೆಗೆ ತಿರುಪು ಮೇಲೆ ಬಂದಾಗ, ಮೀನು ಸಣ್ಣದಾಯಿತು, ವಾಪಸು ಬಿಡು ಎಂದು ಡೆಲ್ಫಿನ್ ಸಲಹೆ ಕೊಟ್ಟಳು.

ರೋಗ ಸಿಕ್ಕಿದ್ದು ಸಿಗಾರಿನಿಂದ. ಇಂಜಿನ್ ಆರಿಸಿ, ಗಾಳಿ ಎಳೆಯುವ ಕೊಳವೆಗೆ ಬಾಯಿಟ್ಟು ಗಸ್ ಕಣ್ಣಲ್ಲಿ ನೀರು ಬರುವಷ್ಟು ಹೊಗೆ ಊದಿದ. ಹಿಂಬದಿಯ ರಬ್ಬರ್ ಪೈಪೊಂದರ ಸೀಳಿನಿಂದ ಹೊಗೆ ಊದುಬತ್ತಿಯಂತೆ ಸಣ್ಣಗೆ ಎದ್ದಿತು. ಹೊಸ ಪೈಪು ಹಾಕಿದ ಮೇಲೆ, ಅಷ್ಟು ಹೊತ್ತು ಕೆಮ್ಮುತ್ತಿದ್ದ ಇಂಜಿನ್ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ದೀಪ ಮಾತ್ರ ಆರಲಿಲ್ಲ. ಗಸ್ ಯಂತ್ರದ ಗುಂಡಿ ಒತ್ತಿದ, ಆರಿತು.

"ಎಲ್ಲಾ ಒರೆಸಿಬಿಟ್ಟೆ. ಈಗ ಹುಟ್ಟಿದ ಕೂಸು ಇದ್ದಂಗಿದೆ. ಹೋಗ್ಬಾ."

ವೆಂಡಲ್ ಅವನನ್ನು ತಬ್ಬಿಕೊಂಡು, ಕಾರನ್ನು ತಪಾಸಣೆ ಕೇಂದ್ರಕ್ಕೆ ಓಡಿಸಿದ. ಬಾಗಿಲು ಹಾಕಲು ಹೊರಟಿದ್ದ ಮೆಕ್ಯಾನಿಕ್ ತನ್ನ ಯಂತ್ರ ಜೋಡಿಸಿ ನೋಡಿ ತಲೆ ಕೆರೆದುಕೊಂಡ.

"ಇಂಜಿನ್ ಚೆನ್ನಾಗಿದೆ ಸಾರ್. ಆದ್ರೆ ಯಾರೋ ಕಾರಿನ ಕಂಪ್ಯೂಟರಲ್ಲಿ ಇದ್ದದ್ದೆಲ್ಲ ಒರೆಸಿದಾರೆ, ಇದಕ್ಕೀಗ ಏನೂ ನೆನಪಿಲ್ಲ. ಒಂದಷ್ಟು ದಿನ ಓಡಿಸಿ, ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳತ್ತೆ. ಆಮೇಲೆ ಬನ್ನಿ."

"ದೀಪ ಉರೀತಿರೋ ಹಂಗೇ ತಂದಿದ್ರೆ?"

"ಆಗ್ಲೂ ವಾಪಸ್ ಕಳಿಸ್ತಿದ್ದೆ."

"ನಾಳೆಯಿಂದ ಚೀಟಿ ಇಲ್ದೆ ರಸ್ತೇಲಿ ಓಡಿಸಬಹುದಾ?"

"ಓಡಿಸಂಗಿಲ್ಲ."

"ಓಡಿಸ್ದೇ ಇದ್ರೆ ಚೀಟಿ?"

"ಕೊಡಂಗಿಲ್ಲ."

ಮರುದಿನ ನಸುಕಿನಲ್ಲಿ ಗಸ್‌ನ ಪಿಕಪ್ ಹೊಳೆಗೆ ಹೊರಟಿತು. ಅದರಲ್ಲಿ ಇದ್ದದ್ದೇ ಎರಡು ಸೀಟು. ಹಿರಿಯಳೆಂದು ಡೆಲ್ಫಿನ್ ಹತ್ತಿ ಕುಳಿತಳು. ಅವರು ಮೊದಲ ಮೀನು ಹಿಡಿಯುವ ಹೊತ್ತಿಗೆ, ಚೀಟಿ ಕೇಳದ ತನ್ನ ಮನೆಯಂಗಳದಲ್ಲಿ ವೆಂಡಲ್ ಕಾರು ಓಡಿಸುತ್ತಿದ್ದ: ಬೇಲಿಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಬೇಲಿಗೆ.