ಇಮೊಜೆನ್‌ಳ ಬಲಗಾಲಿನ ಮೂಳೆಯವರ ಸನ್ನಿಧಿಗೆ

ಮಾನ್ಯ ಮೂಳೆಯವರೇ,

ಬೆಲ್‌ಬರ್ಡ್ ಫ್ಲಾಟ್ ನೆಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಯಾದ ಮಾರ್ನಿ ಪೆಂಗಿಲಿ ಎಂಬ ನಾನು, ತಮ್ಮ ಕ್ಷೇಮ ವಿಚಾರಿಸಬೇಕೆಂದಿರುವಾಗಲೇ ತಾವು ಕ್ಷೇಮವಾಗಿಲ್ಲವೆಂದು ಎಕ್ಸ್‌ರೇಯಿಂದ ತಿಳಿದು, ಅತ್ಯಂತ ವಿನಯದಿಂದ ಸಿಟ್ಟಾಗಿ, ಊರಿಗೆಲ್ಲ ಗೊತ್ತಾಗುವಂತೆ ಈ ದೂರು ಬರೆಯುತ್ತಿದ್ದೇನೆ.

ಹದಿನಾಲ್ಕರ ಹುಡುಗಿಯ ಮೊಣಕಾಲಿನ ಕೆಳಗೆ ವಾಸವಾಗಿರುವ ತಾವು, ಸೀಸನ್ನಿನ ನಡುವೆ, ಸಮಿತಿಗೆ ಒಂದು ಮಾತೂ ಹೇಳದೆ ಬಿರುಕು ಬಿಟ್ಟಿರಲ್ಲ, ಇದು ಯಾವ ನ್ಯಾಯ? ನಮ್ಮದು ಚಿಕ್ಕ ಊರು. ಏಳು ಜನರ ತಂಡಕ್ಕೆ ಐವರಾದರೂ ಸೇರದಿದ್ದರೆ ಆಟವನ್ನೇ ಬಿಟ್ಟುಕೊಡಬೇಕು. ಆದ್ದರಿಂದ ಇಮೊಜೆನ್, ಅಂದರೆ ನಮ್ಮ ಇಮ್ಮಿ, ಶನಿವಾರ ಬೆಳಿಗ್ಗೆ ತನ್ನ ವಯಸ್ಸಿನವರೊಡನೆ ಆಡಿ, ಚಿಕ್ಕವರ ಆಟಕ್ಕೆ ಸೀಟಿ ಊದಿ, ಮಧ್ಯಾಹ್ನ ದೊಡ್ಡವರ ತಂಡದಲ್ಲಿ ಯಾರು ಬಂದಿಲ್ಲವೋ ಅವರ ಜಾಗಕ್ಕೆ ನಿಲ್ಲುತ್ತಾಳೆ. "ಇದೊಂದೇ ಕ್ವಾರ್ಟರ್ ಕಣೇ ಇಮ್ಮಿ, ನನ್ ಬಂಗಾರ, ಬಾರೇ!" ಎಂದು ಕೋಚ್ ಶೆರಿಲ್ ಆಟದ ಇನ್ನೊಂದು ಕಾಲುಭಾಗಕ್ಕೆ ಕೂಗಿ ಕರೆದರೆ, ಬಾಯಲ್ಲಿದ್ದ ಕಿತ್ತಳೆ ಹೋಳನ್ನು ನುಂಗುತ್ತಲೇ ಓಡುತ್ತಾಳೆ. ತಾವು ಚಳಿಗಾಲವಿಡೀ ನೋಯುತ್ತಿದ್ದುದು ನಿಜ. "ಅಯ್ಯೋ, ಬೆಳೆಯೋ ವಯಸ್ಸಿಗೆ ಇದೆಲ್ಲಾ ಇದ್ದಿದ್ದೇ" ಎಂದು ನಾವೂ ಅದಕ್ಕೆ ತಕ್ಕ ಚಿಕಿತ್ಸೆ ಕೊಟ್ಟಿದ್ದೆವಲ್ಲ!

ತಮ್ಮ ಸಹನೆ ಸಾಮಾನ್ಯದ್ದಲ್ಲ. ಅದನ್ನು ಮೆಚ್ಚಿ ಸಮಿತಿಯು ತಮಗೆ ಆಜೀವ ಸದಸ್ಯತ್ವ ನೀಡಲು ಸಿದ್ಧವಿದೆ. ತಾವು ಈ ಬಿರುಕನ್ನು ಫೈನಲ್ ಮುಗಿಯುವವರೆಗೆ ಮುಂದೂಡಬೇಕು, ಆಗದಿದ್ದರೆ ಅಷ್ಟೇನೂ ಕೆಲಸವಿಲ್ಲದ ಯಾವುದಾದರೂ ಪಕ್ಕೆಲುಬಿಗೆ ವರ್ಗಾಯಿಸಬೇಕು.

ಇಷ್ಟು ಬರೆದಿಟ್ಟು, ಇಮ್ಮಿಯ ಅಮ್ಮನಿಗೆ ಕುರಿಗಳ ಉಣ್ಣೆ ಕತ್ತರಿಸುವ ಕೆಲಸವಿದ್ದುದರಿಂದ, ಎಕ್ಸ್‌ರೇ ತೋರಿಸಲು ನಾನೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದೆ. "ಒಂದು ತಿಂಗ್ಳು ರೆಸ್ಟ್ ಪುಟ್ಟಾ" ಎಂದರು ಅವರು. "ಸದ್ಯ! ಫೈನಲ್‌ಗೆ ಸಿಗ್ತಾಳೆ!" ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಇಮ್ಮಿ ಡಾಕ್ಟರ ತೋಳು ಹಿಡಿದು, ಸಣ್ಣ ದನಿಯಲ್ಲಿ, "ಸೀಸನ್ ಮುಗಿಯೋವರೆಗೂ ಅಂತ ಬರೀರಿ ಡಾಕ್ಟ್ರೇ. ಇಲ್ಲಾಂದ್ರೆ ಕರೀತಾರೆ" ಎಂದಳು.

ಎದ್ದವಳು ಮೆಲ್ಲಗೆ ಕೂತೆ. ಮೇಲಿನ ಬೇಡಿಕೆಗಳನ್ನೆಲ್ಲ ಹಿಂದೆ ಪಡೆದಿದ್ದೇನೆ. ತಾವು ದಯಮಾಡಿ ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ಕೂಡಿಕೊಳ್ಳಬೇಕೆಂದು ಕೈಮುಗಿದು ಬೇಡುತ್ತೇನೆ.

ಇಂತಿ,
ತಮ್ಮ ಬಿರುಕಿಗೆ ಋಣಿಯಾದ ವಿಶ್ವಾಸಿ,
ಮಾರ್ನಿ ಪೆಂಗಿಲಿ

ವಿ.ಸೂ.: ಇಮ್ಮಿಯ ತಂಗಿಗೆ ಈಗ ಹನ್ನೊಂದು. "ಅಬ್ಬಾ, ಇವಳ ಕಾಲು ಎಷ್ಟುದ್ದ ಆಗಿದೆ ನೋಡ್ರೇ!" ಎಂದು ಶೆರಿಲ್ ನಿನ್ನೆ ಬಾಯಿತುಂಬ ಹೊಗಳಿದರು. ಆ ಕಾಲಿನಲ್ಲಿರುವ ತಮ್ಮ ಕಿರಿಯ ಸಹೋದ್ಯೋಗಿಗೆ, ಹದಿನಾಲ್ಕರವರೆಗೆ ಕಾಯುವುದು ಬೇಡ, ಈಗಲೇ ಮುರಿದುಕೊಳ್ಳಲಿ ಎಂದು ತಿಳಿಸಿ.